ಕರಡಿ ಡಬ್ಬಿಗೊಂದು ಹಾಯಾದ ಬ್ಯಾಗು

ಬ್ಯಾಗಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ನೆರೂಳದಲ್ಲಿ ಇಲ್ಲ. ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಆಫೀಸಿಗೆ ಹೋಗಿಬಂದವನು ನಾನು. ಒಂದು ದಿನವೂ ನನ್ನ ಊಟದ ಡಬ್ಬಿಯ ಸಾರು ಚೆಲ್ಲಿಲ್ಲ, ಒಬ್ಬ ಜೇಬುಗಳ್ಳನೂ ನನ್ನ ಜಿಪ್ ಮುಟ್ಟಿಲ್ಲ. ಆದ್ದರಿಂದಲೇ ಮೊಮ್ಮಗಳು ಅದಿತಿ ಬ್ಯಾಗು ಬೇಕೆಂದಾಗ ಮನೆಯವರೆಲ್ಲ ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದರೆ ಯಾರೂ ನೋಡಲಿಲ್ಲ. ನಾನೇ ಎದ್ದು ನಿಂತೆ.

ಕಾಲೇಜು ಹುಡುಗಿ ಅದಿತಿ ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟಿದ್ದಳು. ಅಲ್ಲಿ ಡೇರೆಯ ಹತ್ತಿರ ಕರಡಿಗಳು ಬರುತ್ತವಂತೆ. ಹಾಗಾಗಿ ತಿಂಡಿಯನ್ನೆಲ್ಲ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಒಯ್ಯಬೇಕು. ಅವರ ತಂಡದ ಸರ್ ಅಂಥದೊಂದನ್ನು ಅಭ್ಯಾಸಕ್ಕೆಂದು ಕೊಟ್ಟಿದ್ದರು. ನೋಡಲು ಪುಟ್ಟ ಡ್ರಮ್ಮು. ಭಾನುವಾರ ಖಾರಘರದ ಗುಡ್ಡವನ್ನು ಅದನ್ನು ಹೊತ್ತು ಹತ್ತಿದರೆ ಹಿಮಾಲಯ, ಇಲ್ಲದಿದ್ದರೆ ಹೆಸರು ಕಟ್!

"ಈ ಡಬ್ಬಿ ಕರಡಿಗಿಂತ ನಮ್ಮ ಮನೆಗೇ ಬೇಕಿತ್ತು. ಚಕ್ಕುಲಿಯಾದ್ರೂ ಉಳೀತಿತ್ತು," ಎಂದಳು ನನ್ನ ಹೆಂಡತಿ ಸುಮತಿ, ನನ್ನನ್ನೇ ನೋಡುತ್ತಾ. ದೊಡ್ಡ ಮನುಷ್ಯರು ಇಂಥದ್ದಕ್ಕೆಲ್ಲ ಉತ್ತರ ಕೊಡಬಾರದು.

"ಅಜ್ಜ, ಶನಿವಾರದವರೆಗೂ ಮೇರಾ ಪೇಪರ್ ಹೈ, ಪರೀಕ್ಷೆ. ನೀವೇ ತನ್ನಿ. ಲೇಕಿನ್ ಕಂಫರ್ಟೇಬಲ್ ಚಾಹಿಯೇ, ಹಾಯಾಗಿರ್ಬೇಕು, ಹಾಂ!" ಎಂದಳು ಅದಿತಿ.

ಡಬ್ಬಿಗೆ ನಾಲ್ಕು ಕಿಲೋ ಕುಚ್ಚಲಕ್ಕಿ ತುಂಬಿಕೊಂಡು ವಾಶಿಯ ಬ್ಯಾಗಿನ ಅಂಗಡಿಗೆ ಹೋದೆ. ಒಂದಲ್ಲ, ಏಳು ಬ್ಯಾಗುಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದೆ. ಡಬ್ಬಿ ಒಳಗೆ, ಬ್ಯಾಗು ಎದೆಗೆ, ಕನ್ನಡಿಯ ಮುಂದೆ ನಡಿಗೆ. ನಡುವಯಸ್ಸಿನ ಅಂಗಡಿಯಾತ ಮೆಲ್ಲಗೆ ಹೇಳಿದ, "ಕಾಕಾ, ಪೀಛೆ ಪಹನೋ ನಾ. ಬೆನ್ನಿಗೆ."

"ಬೆನ್ನಿಗಾ?" ನಾನು ನಕ್ಕುಬಿಟ್ಟೆ. "ಬೆನ್ನಿಗೆ ಹಾಕ್ಕೊಂಡು ಲೋಕಲ್ ಹತ್ತಿದ್ರೆ ಕಳ್ಳನಿಗೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ! ನೀವು ಟ್ರೇನಲ್ಲಿ ಓಡಾಡಿದವರೇ ಅಲ್ಲ ಬಿಡಿ." ಹದಿನೈದು ನಿಮಿಷ ಅವನಿಗೆ ಪಾಠ ಮಾಡಿದೆ. ಗಿರಾಕಿಗಳೂ ನಿಂತು ಕೇಳಿದರು.

ಐದನೇ ಬ್ಯಾಗು ಅದ್ಭುತ. ಡಬ್ಬಿ ನನ್ನ ಹೊಟ್ಟೆಯ ಮೇಲೆ ತೊಟ್ಟಿಲಲ್ಲಿ ಮಲಗಿದ ಮಗುವಿನಂತೆ ಕೂತಿತು. ಗಲ್ಲ ಊರಲು ಜಾಗ ಬೇರೆ!

ಮನೆಯಲ್ಲಿ ಸುಮತಿಗೆ ಅನುಮಾನ. "ಹಾಕಿ ನೋಡಿದ್ರಾ ಮಾರಾಯ್ರೆ?"

"ಹಾಕಿ ನೋಡಿದೆ!" ಎದೆಗೋ ಬೆನ್ನಿಗೋ ಎಂದು ಅವಳು ಕೇಳಲಿಲ್ಲ.

ಭಾನುವಾರ ಗುಡ್ಡದ ಬುಡದವರೆಗೆ ನಾನೂ ಹೋದೆ. ಹೊಗಳಿಕೆ ಬಂದರೆ ಸ್ವೀಕರಿಸಲು ಯಾರಾದರೂ ಬೇಡವೇ? ಬಂದದ್ದು ಅದಿತಿ. ಅರ್ಧ ಗಂಟೆಯಲ್ಲೇ ಸೊಂಟ ಹಿಡಿದುಕೊಂಡು ವಾಪಸ್ಸು ಬಂದು ಬಂಡೆಯ ಮೇಲೆ ಕೂತುಬಿಟ್ಟಳು. "ಅಜ್ಜ, ಬೆನ್ನಿಗೆ ಯಾರೋ ಗುದ್ದುತ್ತಾ ಇದ್ದ ಹಾಗೆ ಆಗ್ತಿದೆ!" ಕಣ್ಣಲ್ಲಿ ನೀರು.

ಹಿಂದೆಯೇ ಸರ್ ಬಂದರು. ಬ್ಯಾಗನ್ನು ತಿರುಗಿಸಿ ನೋಡಿದರು. ಬೆನ್ನು ತಾಗುವ ಕಡೆ ಮೆತ್ತೆಯೇ ಇಲ್ಲ. ಡಬ್ಬಿ ನೇರ ಬೆನ್ನುಮೂಳೆಗೇ ಒತ್ತುತ್ತಿತ್ತು. ಮೆತ್ತೆಯ ಕೆಲಸವನ್ನು ಅಂಗಡಿಯಲ್ಲಿ ಮಾಡಿದ್ದು ನನ್ನ ಹೊಟ್ಟೆ!

"ಕಾಕಾ, ನೀವು ಹೇಗೆ ಹಾಕಿ ನೋಡಿದ್ರಿ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಹೆಮ್ಮೆಯಿಂದ ತೋರಿಸಿದೆ. ಎದೆಗೆ.

ಸರ್ ಮರಾಠಿಯಲ್ಲಿ, "ಕಾಕಾ, ಡೋಂಗರಾವರ್ ಲೋಕಲ್ ನಾಹೀ ಚಾಲತ್!" ಎಂದರು. ಗುಡ್ಡದ ಮೇಲೆ ಲೋಕಲ್ ಓಡುವುದಿಲ್ಲವಂತೆ! ಅಳುತ್ತಿದ್ದ ಅದಿತಿಯೇ ಮೊದಲು ನಕ್ಕಳು.

ಸರ್ ತಮ್ಮ ಬ್ಯಾಗಿಗೆ ಡಬ್ಬಿ ಹಾಕಿ ಅವಳಿಗೆ ಕೊಟ್ಟರು. ಹುಡುಗಿ ಮೇಕೆಮರಿಯ ಹಾಗೆ ಹತ್ತಿ ಇಳಿದಳು. ಆದರೂ ತೀರ್ಪು ಬಂತು: ಸಂಜೆಯೊಳಗೆ ಸರಿಯಾದ ಬ್ಯಾಗು ತಂದು ಫೋಟೋ ಕಳಿಸಿದರೆ ಹೆಸರು ಉಳಿಯುತ್ತದೆ.

"ವಾಶಿಗೆ ಹೋಗೋಣ ಅಜ್ಜ?"

"ಬೇರೆ ಎಲ್ಲಿಗಾದ್ರೂ ಬರ್ತೇನೆ ಮಗಾ. ಆ ಅಂಗಡಿಗೆ ಮಾತ್ರ ನಾನು ಕಾಲಿಡೋದಿಲ್ಲ. ನನಗೂ ಮರ್ಯಾದೆ ಉಂಟು. ನೆರೂಳದಲ್ಲೇ ಹುಡುಕುವ."

"ಠೀಕ್ ಹೈ ಅಜ್ಜ," ಎಂದಳು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಹೊಳೆಯಬೇಕಿತ್ತು. ನನ್ನ ರಕ್ತವಲ್ಲವೇ!

ಖಾರಘರದಲ್ಲಿ ಟ್ರೇನು ಹತ್ತಿದೆವು. ನಾನು ಆರಿಸಿದ ಬ್ಯಾಗು, ಒಳಗೆ ಡಬ್ಬಿ, ನನ್ನ ಎದೆಗೆ. ಸೀಟು ಸಿಕ್ಕಿತು. ಗಲ್ಲವನ್ನು ಡಬ್ಬಿಯ ಮೇಲೆ ಊರಿದೆ. ಗಾಳಿ ಬೀಸಿತು. ಆಮೇಲೆ ನನಗೆ ಗೊತ್ತಾದದ್ದು ಯಾರೋ ಭುಜ ಅಲುಗಿಸಿದ್ದು.

"ಅಜ್ಜ, ಏಳಿ. ವಾಶಿ ಬಂತು."

"ವಾಶಿಯಾ? ನೆರೂಳ ಎಲ್ಲಿ ಹೋಯ್ತು?"

"ನಿಕಲ್ ಗಯಾ, ದಾಟಿ ಹೋಯ್ತು. ನೀವು ಎಷ್ಟು ಕಂಫರ್ಟೇಬಲ್ ಆಗಿ ಮಲಗಿದ್ರಿ! ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ."

ಅಂಗಡಿಯಾತ ದೂರದಿಂದಲೇ ನನ್ನನ್ನು ಗುರುತಿಸಿದ. ಅದಿತಿಯ ಬೆನ್ನನ್ನು ಟೇಪಿನಲ್ಲಿ ಅಳೆದು, ನನ್ನಿಂದ ಡಬ್ಬಿ ಇಸಕೊಂಡು, ಮೆತ್ತೆಯಿದ್ದ ಬ್ಯಾಗಿಗೆ ಹಾಕಿ ಅವಳ ಬೆನ್ನಿಗೇರಿಸಿದ. ಐದೇ ನಿಮಿಷ! ಅದಿತಿ ಅಲ್ಲೇ ಒಮ್ಮೆ ಕುಣಿದು ಸರ್‌ಗೆ ಫೋಟೋ ಕಳಿಸಿದಳು.

ನನಗಾಗಿ ಅವನು ಒಂದು ಸ್ಟೂಲು ಎಳೆದು ಹಾಕಿದ. "ಕಾಕಾ, ಆಪ್ ಬೈಠೋ."

ಕೂತೆ. ಖಾಲಿ ಬ್ಯಾಗು ಎದೆಯ ಮೇಲೇ ಇತ್ತು. ಈಗಲೂ ಹೇಳುತ್ತೇನೆ, ತುಂಬಾ ಹಾಯಾಗಿತ್ತು!