ಸೋರುವ ಯಜಮಾನರು

ಮಣಿಪಾಲದಿಂದ ಕಾರ್ಕಳದವರೆಗೆ ಸೋರುವ ತಾರಸಿಗಳನ್ನು ಸರಿಮಾಡುವುದು ನನ್ನ ಕೆಲಸ. ತಾರಸಿ ಎಂದರೆ ಕಾಂಕ್ರೀಟಿನದ್ದು, ಹಂಚಿನ ಮಾಡು ಅಲ್ಲ. ನೀರು ಬರುವ ದಾರಿ ಯಾರ ಕಣ್ಣಿಗೂ ಕಾಣುವುದಿಲ್ಲವಾದ್ದರಿಂದ ಪ್ರತಿ ಮಳೆಗಾಲದಲ್ಲೂ ಒಂದಾದರೂ ಮನೆಗೆ ನನಗಿಂತ ಮೊದಲು ದೆವ್ವ ಬಂದಿರುತ್ತದೆ. ಕಾಪುವಿನ ಈ ಮನೆಯಲ್ಲೂ ಹಾಗೆಯೇ ಆಯಿತು.

೧. ಕಲೆ

ಕಡಲಿನ ಹತ್ತಿರದ ಮನೆ. ಇರುವವರು ಇಬ್ಬರೇ: ಮೀನು ವ್ಯಾಪಾರದ ಮಗ, ಅವರ ಅಮ್ಮ. ಊಟಕ್ಕೂ ಕೂರುವ ಚಾವಡಿಯ ಸ್ಲ್ಯಾಬಿನ ಅಡಿಯಲ್ಲಿ ತೇವದ ಕಲೆ. ಹತ್ತಿರದಿಂದ ಬರೀ ತೇವ. ದೂರ ನಿಂತು ನೋಡಿದರೆ ಕಾಲ ಮೇಲೆ ಕಾಲು ಹಾಕಿ ಕುಳಿತ ಗಂಡಸು. ಅದು ತೀರಿಹೋದ ತನ್ನ ಯಜಮಾನರೇ, ಏನೋ ಸಿಟ್ಟಿನಲ್ಲಿದ್ದಾರೆ ಎಂದರು ಅಮ್ಮ. ಹೀಗೇ ಆದರೆ ಬೆಳ್ಮಣ್ಣಿನ ಮಗಳ ಮನೆಗೆ ಹೊರಟುಬಿಡುವ ತೀರ್ಮಾನ ಅವರದ್ದು. ಆಮೇಲೆ ಆ ಕಲೆಯ ಕೆಳಗೆ ಒಬ್ಬನೇ ಕುಳಿತು ಊಟ ಮಾಡುವುದು ಹೇಗೆ ಎಂಬುದು ಮಗನ ಕಷ್ಟ.

ಬಣ್ಣ ಹೊಡೆದು ನೋಡಿದಿರಾ ಎಂದು ಕೇಳಿದೆ.

"ಪ್ರತಿ ವರ್ಷ ಹೊಡೆಯುವುದುಂಟು," ಎಂದರು ಅಮ್ಮ. "ಪುನಃ ಬರುತ್ತಾರೆ. ಪ್ರತಿ ಸಲ ಹೊಟ್ಟೆ ಸ್ವಲ್ಪ ಮುಂದೆ ಬಂದಿರುತ್ತದೆ."

೨. ತಟ್ಟುವುದು

ಹೊಸ ಪದರ ಹಾಕುವ ಮೊದಲು ಹಳೆಯ ಗಾರೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಇದ್ದಲ್ಲಿ ಒಂದು ಶಬ್ದ, ಒಳಗೆ ಟೊಳ್ಳಿದ್ದರೆ ಬೇರೆ ಶಬ್ದ. ತಾರಸಿ ಹತ್ತಿ ತಟ್ಟಿದೆ. ಕೆಳಗಿನಿಂದ ಯಾರೋ ತಟ್ಟಿದರು. ಸುತ್ತಿಗೆ ತಡೆದು ಕಾದೆ, ಅದೂ ಕಾಯಿತು. ಪುನಃ ತಟ್ಟಿದೆ, ಉತ್ತರ ಬಂತು. ಇಳಿದು ನೋಡಿದರೆ ಚಾವಡಿ ಖಾಲಿ. ಮಗ ಬಂದರಿನಲ್ಲಿ, ಅಮ್ಮ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದರು. ಕಾಂಕ್ರೀಟಿನಲ್ಲಿ ಶಬ್ದ ಹರಿದು ಸಡಿಲ ಕಿಟಕಿಯನ್ನು ಅಲುಗಾಡಿಸುವುದುಂಟು ಎಂದು ಅಂಗಳಕ್ಕೆ ಹೋಗಿ ಅಮ್ಮನಿಗೆ ವಿವರಿಸಿದೆ.

ಅವರು ಕತ್ತಿಯಿಂದ ತಲೆ ಎತ್ತಲಿಲ್ಲ. "ಮೊದಲು ತಟ್ಟಿದ್ದು ನೀವು ಅಲ್ವಾ?"

೩. ಲೋಟ

ಮಳೆ ಬಿಡುವು ಕೊಟ್ಟ ದಿನ ನೋಡಿ ಡಾಂಬರಿನ ಹಾಳೆಯನ್ನು ಬೆಂಕಿಯಲ್ಲಿ ಕಾಯಿಸಿ ತಾರಸಿಗೆ ಅಂಟಿಸಿದೆವು. ಮೇಲೆ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿದೆವು. ಕೆಳಗೆ ಒಂದು ಹನಿ ಇಲ್ಲ. ಕಲೆ ಒಣಗಿತು, ಬಣ್ಣ ಹೊಡೆದೆವು. ಅಮ್ಮನಿಗೆ ಅಷ್ಟು ಸಾಲಲಿಲ್ಲ. ಆಟಿ ತಿಂಗಳು, ತೀರಿಹೋದ ಹಿರಿಯರಿಗೆ ಬಡಿಸುವ ಕಾಲ; ಯಜಮಾನರಿಗೆ ಬಡಿಸಿ, ಅವರು ನೀರು ಕುಡಿದರೆ ತಾನು ಉಳಿಯುವುದು, ಮುಟ್ಟದಿದ್ದರೆ ಬೆಳ್ಮಣ್ಣಿಗೆ ಎಂದರು.

ಚಾವಡಿಯಲ್ಲಿ ಎಲೆ ಹಾಕಿ, ಪಕ್ಕದಲ್ಲಿ ಅರ್ಧ ಲೋಟ ನೀರಿಟ್ಟು, ಬಾಗಿಲು ಮುಚ್ಚಿ ಮೂವರೂ ಹೊರಗೆ ನಿಂತೆವು. ಹೀಗೆ ಬಡಿಸಿದಾಗ ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚುವುದು ಇಲ್ಲಿಯ ಕ್ರಮ. ತೆರೆದಾಗ ನೀರು ಇಳಿದಿರಲಿಲ್ಲ. ಲೋಟ ತುಂಬಿ ತುಳುಕಿತ್ತು.

ಮಗ ನನ್ನ ಮುಖ ನೋಡಿದರು. ಏಣಿ ಹತ್ತಿ ಲೋಟದ ನೇರಕ್ಕೆ ಸ್ಲ್ಯಾಬನ್ನು ಅಂಗೈಯಿಂದ ಸವರಿದೆ. ಒಣಗಿತ್ತು. ಸುತ್ತಲೂ ಸವರಿದೆ. ಎಲ್ಲವೂ ಒಣಗಿತ್ತು. ನೀರು ಬರುವ ದಾರಿಗಳೆಲ್ಲ ನನಗೆ ಗೊತ್ತು. ಇದಕ್ಕೆ ಒಂದೂ ಹೊಂದಲಿಲ್ಲ. ಮಗ ಅಮ್ಮನ ಬಟ್ಟೆ ಕಟ್ಟಲು ಒಳಗೆ ತಿರುಗಿದರು.

ಅಮ್ಮ ಲೋಟವನ್ನೇ ನೋಡುತ್ತ ನಿಂತಿದ್ದರು.

"ಇರು ಮಗ. ಬದುಕಿರುವಾಗ ಇವರು ಒಂದು ದಿನ ನನಗೊಂದು ಲೋಟ ನೀರು ತಂದುಕೊಟ್ಟವರಲ್ಲ. ಈಗ ಬುದ್ಧಿ ಬಂದಿದೆ, ನಾನು ಎಂತಕ್ಕೆ ಬೆಳ್ಮಣ್ಣಿಗೆ ಹೋಗುವುದು?" ಆಮೇಲೆ ಏಣಿಯ ಮೇಲಿದ್ದ ನನಗೆ ಹೇಳಿದರು: "ನೀವು ಇಳಿಯಿರಿ ಮಾರಾಯ್ರೆ. ಆ ದಾರಿಯೊಂದನ್ನು ಮುಚ್ಚಬೇಡಿ."