ಸಾವಿನ ಸುದ್ದಿಗೊಂದು ತಿದ್ದುಪಡಿ

ಹೆಂಡತಿ ಮಾತು ಬಿಟ್ಟು ವಾರವಾಗಿತ್ತು. ತಪ್ಪು ತಿದ್ದಿದವನಿಗೆ ಈ ಲೋಕದಲ್ಲಿ ನೆಟ್ಟಗೆ ಒಂದು ಲೋಟ ಕಾಫಿಯೂ ಹುಟ್ಟುವುದಿಲ್ಲ ಎಂಬುದು ನಿವೃತ್ತ ಇಂಗ್ಲಿಷ್ ಮೇಷ್ಟ್ರ ದೂರು. (ಕಾಫಿ ಸಿಗುತ್ತಿತ್ತು, ಠಣ್ ಎಂದು ಕುಕ್ಕಿದ ಲೋಟದಲ್ಲಿ, ಅರ್ಧ ಚೆಲ್ಲಿ.)

ಆದದ್ದಿಷ್ಟು. ಹೆಂಡತಿಯ ಒಬ್ಬನೇ ಅಣ್ಣ ಮೆಟ್ಟಿಲಿನಿಂದ ಜಾರಿ ಬಿದ್ದವರು ಮತ್ತೆ ಏಳಲಿಲ್ಲ. ಹೆಣ ಇನ್ನೂ ನಡುಮನೆಯಲ್ಲಿತ್ತು. ಪತ್ರಿಕೆಗೆ ಕೊಡುವ ಸುದ್ದಿಯನ್ನು ತಾನೇ ಬರೆಯುತ್ತೇನೆಂದು ಅತ್ತಿಗೆ ಹಟ ಹಿಡಿದು, ಅಳುತ್ತಲೇ ಇಂಗ್ಲಿಷಿನಲ್ಲಿ ಬರೆದು, ಒಮ್ಮೆ ನೋಡಿಬಿಡಿ ಎಂದು ಮೇಷ್ಟ್ರ ಕೈಗಿತ್ತರು. ನೋಡಿ ಸುಮ್ಮನೆ ಬಿಡುವ ಜಾಯಮಾನ ಮೇಷ್ಟ್ರದಲ್ಲ.

ಜೇಬಿನ ಕೆಂಪು ಪೆನ್ನು ತಾನಾಗಿಯೇ ಹೊರಬಂತು. ‘ಡಿಸೀಸ್ಟ್’, ಅಂದರೆ ತೀರಿಕೊಂಡವರು, ಎಂದಿರಬೇಕಾದಲ್ಲಿ ಆಕೆ ‘ಡಿಸೀಸ್ಡ್’, ಅಂದರೆ ರೋಗಪೀಡಿತರು, ಎಂದು ಬರೆದಿದ್ದರು. ನೋಡಲು ಅಕ್ಕತಂಗಿಯರಂಥ ಪದಗಳು. ತಿದ್ದಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಸುತ್ತ ಕೂತು ಅಳುತ್ತಿದ್ದವರಿಗೆಲ್ಲ ಕೇಳುವಂತೆ ವ್ಯತ್ಯಾಸ ವಿವರಿಸಿದರು. ಉದಾಹರಣೆ ಕೈಗೆಟುಕುವಷ್ಟು ದೂರದಲ್ಲೇ ಮಲಗಿತ್ತು. ಭಾವನವರು ಒಂದು ದಿನವೂ ಕೆಮ್ಮಿದವರಲ್ಲ, ಆದ್ದರಿಂದ ಈ ಪದ ಭಾಷೆಗೂ ಸಲ್ಲದು, ವೈದ್ಯಕ್ಕೂ ಸಲ್ಲದು ಎಂದರು. ಅಲ್ಲಿಗೂ ನಿಲ್ಲದೆ, ತರಗತಿಯ ಅಭ್ಯಾಸಬಲದಿಂದ ಹಾಳೆಯನ್ನು ವಾಪಸು ಚಾಚಿದರು.

"ಅಕ್ಕಾ, ಸರಿಯಾದದ್ದನ್ನ ಕೆಳಗೆ ಐದು ಸಲ ಬರೀರಿ."

ಪಾಪ, ಆಕೆ ಬರೆದರು. ಏನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ ಗಂಡನ ಸಾವನ್ನು ಒಂದರ ಕೆಳಗೊಂದು ಐದು ಸಲ ಬರೆದರು. ಆಮೇಲೆ ಅರಿವು ಬಂತು. ಇನ್ನು ಈ ಮನೆಗೆ ಬರುವುದಾದರೆ ಒಬ್ಬಳೇ ಬಾ ಎಂದು ನಾದಿನಿಗೆ ಮೆಲ್ಲಗೆ ಹೇಳಿದರು. ಮೇಷ್ಟ್ರ ಹೆಂಡತಿಗೆ ತವರು ಅಂತ ಉಳಿದದ್ದು ಅದೊಂದೇ ಬಾಗಿಲು.

ತಾನು ಹೇಳಿದ್ದರಲ್ಲಿ ತಪ್ಪೆಲ್ಲಿದೆ ಎಂದು ಮೇಷ್ಟ್ರು ದಿನಾ ಗೋಡೆಯನ್ನು ಕೇಳುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಹೆಂಡತಿ ಬಿಳಿ ಹಾಳೆಯೊಂದನ್ನು ತಂದು ಅವರ ಮುಂದಿಟ್ಟಳು.

"ನಿಮ್ಮದನ್ನ ನೀವೇ ಬರೆದಿಟ್ಟುಬಿಡಿ. ನಾನು ತಪ್ಪು ಬರೆದ್ರೆ ಆಗ ತಿದ್ದೋಕೆ ನೀವಿರಲ್ಲ."

ಅಂತೂ ಮಾತಾಡಿದಳಲ್ಲ ಎಂಬ ಸಂತೋಷದಲ್ಲಿ ಮೇಷ್ಟ್ರು ಕೂತು ಬರೆದರು. ಒಂದು ಅಲ್ಪವಿರಾಮ ಕೂಡ ಆಚೀಚೆ ಆಗಲಿಲ್ಲ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ದುಃಖದಲ್ಲಿರುವವರು ಅನ್ನುವ ಕಡೆ ಯಾರ್ಯಾರ ಹೆಸರು ಹಾಕಲಿ ಎಂದು ಕೇಳಿದರು.

ಹೆಂಡತಿ ಕನ್ನಡಕ ಏರಿಸಿಕೊಂಡು ಇಡೀ ಹಾಳೆಯನ್ನು ನಿಧಾನವಾಗಿ ಓದಿದಳು. ಒಂದು ತಪ್ಪೂ ಇರಲಿಲ್ಲ.

"ಅದೊಂದು ಖಾಲಿ ಬಿಡಿ," ಎಂದಳು. "ಯಾರಾದ್ರೂ ಅತ್ತರೆ, ಆಗ ನೋಡಿ ತುಂಬ್ತೀನಿ."