ಊಟದ ಕೂಪನ್ನಿಗೆ ಕ್ಲೌಡ್ ಯೋಗ

ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದದ್ದೇ ಬಸಲಿಂಗನ ತಪ್ಪಾಯಿತು. ಮ್ಯಾನೇಜರ್ ಪರಮಾನಂದರ ಕಣ್ಣಿಗೆ ಬೇರೆ ಯಾರೂ ಬೀಳಲಿಲ್ಲ.

"ಸಂಜೆ ಮೀಟಿಂಗಲ್ಲಿ ನೀವೇ ಹೇಳ್ಬೇಕು ಬಸಲಿಂಗ. ನಮ್ಮ ಸಾಫ್ಟ್‌ವೇರಿಗೆ ಕ್ಲೌಡಿನ ನೋಸೀಕ್ವೆಲ್ ಡೇಟಾಬೇಸ್ ಸರಿಹೋಗುತ್ತಾ, ಇಲ್ವಾ ಅಂತ."

ದೊಡ್ಡನೆಕ್ಕುಂದಿಯ ಆ ಪುಟ್ಟ ಕಂಪನಿ, ಪೀಣ್ಯದ ಕಾರ್ಖಾನೆಗಳಿಗೆ ಊಟದ ಕೂಪನ್ನಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಂಡಿತ್ತು. ಯಾವ ಕಾರ್ಮಿಕ, ಯಾವ ಶಿಫ್ಟು, ಯಾವ ಕಾಂಟ್ರಾಕ್ಟರ್ ಎಂದು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಲೆಕ್ಕ. ಆಫೀಸಿನ ಹಳೇ ಡೇಟಾಬೇಸು ಅದನ್ನು ತಕರಾರಿಲ್ಲದೆ ನೋಡಿಕೊಳ್ಳುತ್ತಿತ್ತು.

ಸುದ್ದಿ ಕೇಳಿ ಪಕ್ಕದ ಸೀಟಿನ ವಸಂತ್ ಕುರ್ಚಿಯನ್ನು ಉರುಳಿಸಿಕೊಂಡೇ ಬಂದ.

"ಹೂಂ ಅಂದ್ಬಿಡು ಮಗಾ. ರೆಸ್ಯೂಮೆಲಿ ಕ್ಲೌಡ್ ಅಂತ ಇದ್ರೆ ಬೇರೆ ಕಂಪನಿಯೋರು ಕೈ ಮುಗಿದು ಕರೀತಾರೆ."

"ನಮ್ಮ ಲೆಕ್ಕಕ್ಕ ಅದು ಹೊಂದಬೇಕಲ್ಲೋ ಮಾರಾಯಾ."

"ಅದು ನಾನು ಹೋದ್ಮೇಲೆ ಬರೋರ ತಲೆನೋವು."

ಟೆಸ್ಟಿಂಗ್ ವಿಭಾಗದ ಮಾಲಾ ಕಾಫಿ ಹಿಡಿದು ಬಂದಳು. "ಅದು ಮ್ಯಾನೇಜ್ಡ್ ಕಣ್ರೀ. ಎಲ್ಲಾ ಆ ಕ್ಲೌಡ್ ಕಂಪನಿಯೋರೇ ನೋಡ್ಕೋತಾರೆ. ನಾವು ಹೊತ್ತಿಗೆ ಸರಿಯಾಗಿ ಬಸ್ ಹಿಡೀಬಹುದು."

ಬಸಲಿಂಗ ಊಟ ಬಿಟ್ಟು ಹೊಸ ಡೇಟಾಬೇಸಿನ ಪರೀಕ್ಷೆಗೆ ಕೂತ. ನೋಸೀಕ್ವೆಲಿನಲ್ಲಿ ಲೆಕ್ಕಗಳ ನಡುವೆ ಕೊಕ್ಕೆ ಇಲ್ಲದ್ದರಿಂದ ಪ್ರತಿ ಕೂಪನ್ನಿನ ಹೊಟ್ಟೆಯಲ್ಲೂ ಕಾಂಟ್ರಾಕ್ಟರನ ಹೆಸರು ತುಂಬಿಸಿಡಬೇಕಾಯಿತು. ಒಬ್ಬ ಕಾಂಟ್ರಾಕ್ಟರನನ್ನು ಬದಲಿಸಿ ನೋಡಿದ. ಅರ್ಧ ಕೂಪನ್ನುಗಳು ಬದಲಾದವು, ಉಳಿದರ್ಧ ಹಠ ಹಿಡಿದ ಎಮ್ಮೆಗಳಂತೆ ಕದಲಲಿಲ್ಲ. ಒಬ್ಬನೇ ಕಾರ್ಮಿಕ ಅನ್ನ ತಿನ್ನುವಾಗ ಒಬ್ಬರ ಆಳು, ಮಜ್ಜಿಗೆ ಕುಡಿಯುವಾಗ ಇನ್ನೊಬ್ಬರ ಆಳಾದ.

ಸಂಜೆ ಮೀಟಿಂಗಿನಲ್ಲಿ ಕ್ಲೌಡ್ ಎಂಬ ಮಾತು ಬಿದ್ದಾಗಲೆಲ್ಲ ಎಲ್ಲರೂ ಕೋಲೆಬಸವನಂತೆ ತಲೆಯಾಡಿಸಿದರು. ಸಂಬಳ ಏರಿಸುವ ಕಾಲ ಹತ್ತಿರ ಬಂದಿತ್ತು. ಬೇಡವೆಂದರೆ ಹಳೇ ಕಾಲದವನೆಂಬ ಹೆಸರು ಬರುವುದು ಖಂಡಿತ. ಆದರೂ ಬಸಲಿಂಗ ಎದ್ದು ನಿಂತ.

"ಇದು ನಮಗ ಹೊಂದಂಗಿಲ್ರೀ ಸರ್," ಎಂದು ಶುರುಮಾಡಿ, ಅನ್ನ ಮಜ್ಜಿಗೆಯ ಕತೆಯನ್ನು ಬಿಡದೆ ಹೇಳಿ ಮುಗಿಸಿದ. ವಸಂತ್ ಮೇಜಿನ ಕೆಳಗೆ ಅವನ ಕಾಲು ತುಳಿದ.

ಪರಮಾನಂದರು ಎದ್ದು ಬಂದು ಬಸಲಿಂಗನ ಕೈ ಕುಲುಕಿದರು. "ಭೇಷ್. ಇಷ್ಟು ಜನದಲ್ಲಿ ಅದೇನು ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಕ್ಲೌಡಿಗೆ ಹೋಗ್ತೀವಿ ಅಂತ ಕಾರ್ಖಾನೆಯೋರಿಗೆ ಹೋದ ತಿಂಗಳೇ ಮಾತು ಕೊಟ್ಟಾಗಿದೆ. ನಡೆಸೋಕೆ ತಿಳಿದೋರು ಬೇಕಿತ್ತು. ಇವತ್ತಿಂದ ನೀವೇ ಕ್ಲೌಡ್ ಹೆಡ್."

"ಮತ್ತ ನನ್ನ ಯಾಕ ಕೇಳಿದ್ರೀ ಸರ್?"

"ಕೇಳದೇ ಮಾಡಿದ್ರು ಅಂತ ನಾಳೆ ನೀವು ಅನ್ಬಾರದಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತೋಚದೆ ಬಸಲಿಂಗನೂ ತಟ್ಟಿದ.